ದುಡ್ಡು ನೇರ ಆಸ್ಪತ್ರೆಗೇ ಹೋಗಲಿ

ಮಾನ್ಯ ಸಂಪಾದಕರೇ,

ನನ್ನ ಗೆಳತಿಯ ಮಗನಿಗೆ 22 ವರ್ಷ. ಸುಸ್ತು, ಜ್ವರ ಅಂತ ಡಾಕ್ಟರ್ ಹತ್ತಿರ ಹೋದವನಿಗೆ ಅದೇ ವಾರ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಬೇಗ ಏರುವ ಬಗೆಯದು, ಕಾಯುವ ಹಾಗಿಲ್ಲ. ವಿಮೆ ಇರಲಿಲ್ಲ. ಈಗ ಮಾಡಿಸೋಣ ಎಂದರೆ, ಆಗಲೇ ಬಂದಿರುವ ಕಾಯಿಲೆಗೆ ಹೊಸ ಪಾಲಿಸಿ ಸಾಮಾನ್ಯವಾಗಿ ಕೂಡಲೇ ದುಡ್ಡು ಕೊಡುವುದಿಲ್ಲ.

ನಾವು ನಾಲ್ಕೈದು ಜನ ಹಣ ಕೂಡಿಸಲು ಓಡಾಡಿದೆವು. ಗೆಳತಿ ಒಂದು ನೋಟ್‌ಬುಕ್ಕಿನಲ್ಲಿ ಕೊಟ್ಟವರ ಹೆಸರು ಬರೆಯುತ್ತಾ ಹೋದಳು. ಎಷ್ಟೇ ಚಿಕ್ಕ ಮೊತ್ತವಾದರೂ ಅದಕ್ಕೊಂದು ಸಾಲು. ಪೆನ್ನು ಹಿಡಿದ ಕೈ ನಡುಗುತ್ತಿತ್ತು. ‘ಮೊದಲೇ ವಿಮೆ ಯಾಕೆ ಮಾಡಿಸಲಿಲ್ಲ?’ ಎಂದು ಕೆಲವರು ಅವಳನ್ನೇ ಕೇಳಿದರು. ಆ ಹೊತ್ತಿನಲ್ಲಿ ಆ ಪ್ರಶ್ನೆ ಬೇಕಿತ್ತಾ?

ಸುಳ್ಳು ಮನವಿಗಳೂ ಓಡಾಡುತ್ತವೆ. ಹಾಗಾಗಿ ಜನ ಅನುಮಾನ ಪಟ್ಟರೆ ತಪ್ಪಲ್ಲ. ನಾವು ಆಸ್ಪತ್ರೆ ಕೊಟ್ಟ ಖರ್ಚಿನ ಅಂದಾಜು ಪತ್ರ ತೋರಿಸಿದೆವು. ದುಡ್ಡನ್ನು ನಮ್ಮ ಕೈಗೆ ಕೊಡಬೇಡಿ, ರೋಗಿಯ ನಂಬರ್ ಹಾಕಿ ನೇರವಾಗಿ ಆಸ್ಪತ್ರೆಯ ಖಾತೆಗೇ ಕಟ್ಟಿ ಎಂದೆವು. ಆಮೇಲೆ ಮುಂದೆ ಬಂದವರೇ ಜಾಸ್ತಿ. ಮನವಿ ಮಾಡುವ ಎಲ್ಲರೂ ದಯವಿಟ್ಟು ಹೀಗೆ ಮಾಡಿ. ಬಿಲ್ಲುಗಳನ್ನೂ ಕೊಟ್ಟವರಿಗೆ ತೋರಿಸಿ.

ದುಡ್ಡು ಕೊಡಲಾಗದವರು ಸುಮ್ನೆ ಸಂಕೋಚ ಪಡಬೇಡಿ. ಕೀಮೊ (ಕ್ಯಾನ್ಸರ್ ಔಷಧಿಯ ಚಿಕಿತ್ಸೆ) ನಡೆಯುವಾಗ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ರಕ್ತದ ಕಣ) ಮತ್ತೆ ಮತ್ತೆ ಬೇಕಾಗುತ್ತದೆ. ಅದನ್ನು 5ರಿಂದ 7 ದಿನಕ್ಕಿಂತ ಹೆಚ್ಚು ಇಡಲು ಆಗುವುದಿಲ್ಲ, ಹಾಗಾಗಿ ಕೊಡುವವರು ಬರುತ್ತಲೇ ಇರಬೇಕು. ಗುರುತೇ ಇಲ್ಲದ ಹುಡುಗಿಯೊಬ್ಬಳು ಬಂದು ಕೊಟ್ಟು ಹೋದಳು. ಮರುದಿನ ಆ ತಿಳಿಹಳದಿ ಚೀಲ ಅವನ ಹಾಸಿಗೆ ಪಕ್ಕ ತೂಗುತ್ತಿತ್ತು.

ಈಗ ಅವನಿಗೆ ಎರಡನೇ ಸುತ್ತಿನ ಚಿಕಿತ್ಸೆ ನಡೆಯುತ್ತಿದೆ.

– ನಿಮ್ಮ ಪತ್ರಿಕೆಯ ಓದುಗರೊಬ್ಬರು