ಗ್ರನಾಡಾದ ಕಾಲುವೆಯ ಬದಿಯಿಂದ

ಪ್ರೀತಿಯ ಮುರಳಿ,

ನಿನ್ನ ಪತ್ರ ಸಿಕ್ಕಿ ಎರಡು ವಾರ ಕಳೆಯಿತು. ಅಡಿಕೆ ಧಾರಣೆ, ತಂಗಿಯ ಮದುವೆಯ ಓಡಾಟ, ಮಳೆಗಾಲಕ್ಕೆ ಮುಂಚೆ ಕೊಟ್ಟಿಗೆಯ ಮಾಡು ರಿಪೇರಿ, ಎಲ್ಲವನ್ನೂ ಬರೆದು ಕೊನೆಗೆ ಎರಡೇ ಎರಡು ಸಾಲು ಸೇರಿಸಿದ್ದೆ: "ಕಳೆದ ಚಳಿಗಾಲವೂ ತೋಡಿಗೆ ಕಟ್ಟ ಹಾಕಲಿಲ್ಲ, ಜನ ಸೇರಲಿಲ್ಲ. ಮಳೆ ನಿಂತ ಮೇಲೆ ಇನ್ನೊಂದು ಬೋರು ಕೊರೆಸುವುದೆಂದು ಅಪ್ಪ ಹೇಳುತ್ತಿದ್ದಾರೆ." ಆ ಎರಡು ಸಾಲು ನನ್ನನ್ನು ಬಿಡಲಿಲ್ಲ. ಮಳೆ ನಿಂತ ಮೇಲೆ ಊರವರು ಸೇರಿ ತೋಡಿನ ನೀರಿಗೆ ಕಲ್ಲು ಮಣ್ಣಿನ ಒಡ್ಡು, ನಮ್ಮ ಕಟ್ಟ, ಹಾಕುತ್ತಿದ್ದ ದಿನಗಳು ಕಣ್ಣ ಮುಂದೆ ಬಂದವು. ಇಲ್ಲಿನ ಸುದ್ದಿಯನ್ನೆಲ್ಲ ಬರೆಯಲು ಕುಳಿತರೆ ನಡುನಡುವೆ ನಮ್ಮ ತೋಡೇ ಹರಿದು ಬರುತ್ತಿದೆ. ಸಹಿಸಿಕೊಂಡು ಓದು.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ಗ್ರನಾಡಾ ಸ್ಪೇನಿನ ದಕ್ಷಿಣದ ಊರು. ಸ್ಪ್ಯಾನಿಷ್ ಭಾಷೆಯಲ್ಲಿ ಗ್ರನಾಡಾ ಎಂದರೆ ದಾಳಿಂಬೆ. ಬೀದಿಯ ಫಲಕಗಳ ಮೇಲೆ, ರಸ್ತೆ ಬದಿಯ ಕುಳ್ಳ ಕಂಬಗಳ ತಲೆಯ ಮೇಲೆ ಎಲ್ಲೆಲ್ಲೂ ದಾಳಿಂಬೆ. ನಾನು ಓದುವ ವಿಶ್ವವಿದ್ಯಾಲಯ 1531ರಲ್ಲಿ ಸ್ಥಾಪನೆಯಾದದ್ದು. ಊರಿನ ಬೆನ್ನಿಗೆ ಸಿಯೆರಾ ನೆವಾಡಾ ಎಂಬ ಹಿಮದ ಬೆಟ್ಟಸಾಲು. ಈಗ ಜೂನ್, ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ. ಮಧ್ಯಾಹ್ನದ ಊಟ ಎರಡೂವರೆಗೆ, ರಾತ್ರಿಯದು ಹತ್ತಕ್ಕೆ. ಮೊದಲ ತಿಂಗಳು ಹೊಟ್ಟೆ ಇದಕ್ಕೆ ಒಪ್ಪಲಿಲ್ಲ. ವಿದೇಶೀಯರ ಗುರುತಿನ ಚೀಟಿಗಾಗಿ ಬೆರಳಚ್ಚು ಕೊಡಲು ದಿನ ಗೊತ್ತುಪಡಿಸಿಕೊಳ್ಳುವುದರಲ್ಲಿ ಒಂದೂವರೆ ತಿಂಗಳು ಹೋಯಿತು. ಆ ದಿನಗಳಲ್ಲಿ ಊರಿಗೆ ಮರಳಿಬಿಡೋಣ ಎಂದು ಎಷ್ಟೋ ಸಲ ಅನ್ನಿಸಿತ್ತು.

ಕೈಹಿಡಿದದ್ದು ಭಾಷೆ. ಸ್ಪ್ಯಾನಿಷ್ ನಮಗೆ ಕಷ್ಟವಲ್ಲ ಮುರಳಿ. ಬರೆದದ್ದನ್ನು ಹೆಚ್ಚುಕಡಿಮೆ ಬರೆದಂತೆಯೇ ಓದುತ್ತಾರೆ, ಸ್ವರಗಳು ನಮ್ಮವುಗಳಷ್ಟೇ ಸ್ಪಷ್ಟ. ನಾವು 'ಹೊರಟೆ' ಎಂದರೆ 'ನಾನು' ಎಂದು ಬೇರೆ ಹೇಳಬೇಕಾಗಿಲ್ಲವಲ್ಲ, ಇಲ್ಲಿಯೂ ಹಾಗೆಯೇ, 'ಬೋಯ್' ಎಂದರೆ ಸಾಕು. ನೀನು ಮತ್ತು ನೀವು ಎರಡೂ ಇವೆ: 'ತೂ', 'ಉಸ್ತೆದ್'. ತರಗತಿಯಲ್ಲಿ 'ಮೆ ಗುಸ್ತಾ' ಎಂಬ ಪ್ರಯೋಗ ಬಂದಾಗ ಇಂಗ್ಲಿಷ್ ಮನೆಮಾತಿನವರು ಬಹಳ ಒದ್ದಾಡಿದರು. ನನಗೆ ಅದು 'ನನಗೆ ಇಷ್ಟ' ಎಂದೇ ಕೇಳಿಸಿತು. 'ಮೆ ದುಯೆಲೆ ಲಾ ಕಬೆಸಾ' ಎಂದರೆ 'ನನಗೆ ತಲೆ ನೋಯುತ್ತದೆ', ಪದಕ್ಕೆ ಪದ ಕೂರುತ್ತದೆ. ಆದರೆ ಈ ಕಡೆಯವರು ಪದದ ಕೊನೆಯ ಸಕಾರವನ್ನು ನುಂಗಿಬಿಡುತ್ತಾರೆ. ಪುಸ್ತಕದಲ್ಲಿ ಕಲಿತು ಬಂದ ನನಗೆ ಅಂಗಡಿಯವರ ಮಾತು ಹಿಡಿಯಲು ದೀಪಾವಳಿ ಕಳೆಯಬೇಕಾಯಿತು.

ಊಟದಲ್ಲಿ ನನಗೆ ಅತಿ ಪ್ರಿಯವಾದದ್ದನ್ನು ಹೇಳುತ್ತೇನೆ, ನಿನ್ನ ಅಮ್ಮನಿಗೂ ಓದಿ ಹೇಳು. ಬದನೆಕಾಯಿಯನ್ನು ಉದ್ದುದ್ದ ಸೀಳಿ, ಹಿಟ್ಟಿನಲ್ಲಿ ಹೊರಳಿಸಿ, ಗರಿಗರಿಯಾಗಿ ಕರಿದು, ಮೇಲಿನಿಂದ ಕಪ್ಪಗಿನ ಕಬ್ಬಿನ ಪಾಕ ಸುರಿಯುತ್ತಾರೆ. ಹೆಸರಿಗೆ 'ಕಬ್ಬಿನ ಜೇನು', ನಾಲಿಗೆಗೆ ನಮ್ಮ ಜೋನಿಬೆಲ್ಲ. ಕಬ್ಬನ್ನು ಈ ನಾಡಿಗೆ ತಂದವರು ಅರಬರು. ಇಲ್ಲಿಗೆ ಹತ್ತಿರದ ಕರಾವಳಿಯಲ್ಲಿ 2006ರವರೆಗೂ ಸಕ್ಕರೆ ಕಾರ್ಖಾನೆ ನಡೆಯುತ್ತಿತ್ತು. 'ಅಸೂಕಾರ್' ಎಂಬ ಅವರ ಪದವೂ ನಮ್ಮ 'ಸಕ್ಕರೆ'ಯೂ ಸಂಸ್ಕೃತದ 'ಶರ್ಕರಾ' ಎಂಬ ಒಂದೇ ಬುಡದಿಂದ ಬಂದವು. ಕುಚ್ಚಿಲಕ್ಕಿ ಮಾತ್ರ ನನಗೆ ಎಲ್ಲಿಯೂ ಸಿಗಲಿಲ್ಲ.

ಊರಿಗೆ ಹತ್ತಿರದಲ್ಲೇ ಸಾಂತಾ ಫೆ ಎಂಬ ಪುಟ್ಟ ಪಟ್ಟಣವಿದೆ. 1492ರ ಏಪ್ರಿಲಿನಲ್ಲಿ ಕೊಲಂಬಸನ ಯಾನಕ್ಕೆ ರಾಣಿ ಇಸಾಬೆಲ್ ಮತ್ತು ರಾಜ ಫೆರ್ನಾಂದೊ ಒಪ್ಪಂದ ಮಾಡಿಕೊಟ್ಟದ್ದು ಅಲ್ಲಿ. ಅವನು ಹುಡುಕಿ ಹೊರಟ ಸಂಬಾರ ಪದಾರ್ಥಗಳಲ್ಲಿ ನಮ್ಮ ಒಳ್ಳೆಮೆಣಸೂ ಇತ್ತು, ಸಿಕ್ಕಿದ್ದು ಕೆಂಪು ಮೆಣಸು. ಸ್ಪ್ಯಾನಿಷಿನಲ್ಲಿ ಒಳ್ಳೆಮೆಣಸು 'ಪಿಮಿಯೆಂತಾ', ಕೆಂಪು ಮೆಣಸು 'ಪಿಮಿಯೆಂತೊ'. ಈ ಕೆಂಪು ಮೆಣಸು ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂತು. ನಾವು ಹೊಸದಕ್ಕೆ ಹಳೆಯ ಹೆಸರನ್ನೇ ಕೊಟ್ಟು, ಹಳೆಯದನ್ನು 'ಒಳ್ಳೆಯದು' ಎಂದು ಕರೆದು ಬೇರೆ ಮಾಡಿದೆವು. ಸಾಂತಾ ಫೆಯ ಚೌಕದಲ್ಲಿ ನಿಂತು ನಿನ್ನ ಅಮ್ಮ ಮಾಡುವ ಸಾರನ್ನು ನೆನೆದೆ.

ಇಲ್ಲಿನ ಗುಡ್ಡದ ಮೇಲೆ ಹಿಂದಿನ ಮುಸ್ಲಿಂ ದೊರೆಗಳು ಕಟ್ಟಿಸಿದ ಕೋಟೆ-ಅರಮನೆ ಅಲ್ಹಂಬ್ರಾ ನೋಡಿದೆಯಾ ಎಂದು ಕೇಳಿದ್ದೆ. ಮೂರು ಸಲ ನೋಡಿದೆ. ಅದರೊಳಗಿನ ನಸ್ರಿದ್ ಮನೆತನದ ಅರಮನೆಗಳಿಗೆ ಟಿಕೇಟಿನಲ್ಲಿ ಗಂಟೆ ನಮೂದಿಸಿರುತ್ತಾರೆ, ಆ ಹೊತ್ತು ತಪ್ಪಿದರೆ ಬಿಡುವುದಿಲ್ಲ. ಮೊದಲ ಸಲ ಜೊತೆಗೆ ಬಂದವನು ನನ್ನ ಕೋಣೆಯ ಗೆಳೆಯ, ಮೊರೊಕ್ಕೊದ ಹುಡುಗ. ಗೋಡೆಯ ಮೇಲಿನ ಅರಬ್ಬಿ ಬರಹವನ್ನು ಅವನು ಓದುತ್ತ ಹೋದ. 'ದೇವರ ಹೊರತು ವಿಜಯಿ ಯಾರೂ ಇಲ್ಲ' ಎಂಬ ಒಂದೇ ಸಾಲು ಗೋಡೆಯಿಂದ ಗೋಡೆಗೆ, ಕಮಾನಿನಿಂದ ಕಮಾನಿಗೆ ಮತ್ತೆ ಮತ್ತೆ ಬರುತ್ತದೆ. ಈ ಸಾಲನ್ನು ಕೆತ್ತಿಸಿದ ಮನೆತನ 1492ರ ಜನವರಿ 2ರಂದು ಊರನ್ನು ಇಸಾಬೆಲ್ ಮತ್ತು ಫೆರ್ನಾಂದೊಗೆ ಒಪ್ಪಿಸಿ ಹೊರಟುಹೋಯಿತು. ಅದನ್ನು ಅವನು ಓದುತ್ತಿದ್ದ ಧ್ವನಿಯಲ್ಲಿ ಒಂದು ನೋವಿತ್ತು, ನಾನು ಏನೂ ಕೇಳಲಿಲ್ಲ.

ಸಿಂಹಗಳ ಅಂಗಳ ಎಲ್ಲರೂ ಹೇಳುವಷ್ಟೇ ಚೆಂದ. ಹನ್ನೆರಡು ಅಮೃತಶಿಲೆಯ ಸಿಂಹಗಳು, ಬಾಯಿಂದ ನೀರು. ಆದರೆ ನಾನು ಬಹಳ ಹೊತ್ತು ಕುಳಿತದ್ದು ಬೇರೆ ಕಡೆ. ಅರಮನೆಯ ಪಕ್ಕದ ಗುಡ್ಡದಲ್ಲಿ ಹೆನೆರಾಲಿಫೆ ಎಂಬ ತೋಟವಿದೆ. ಅದರ ಮೇಲ್ಭಾಗದಲ್ಲಿ ಮರಗಳ ನೆರಳಿನಲ್ಲಿ ಮೆಟ್ಟಿಲುಗಳ ಸಾಲು. ಎರಡೂ ಬದಿಯ ಮೋಟುಗೋಡೆಯ ತಲೆಯ ಮೇಲೆ ಹಂಚುಗಳನ್ನು ಅಂಗಾತ ಕೂರಿಸಿದ್ದಾರೆ, ಅದರೊಳಗೆ ನೀರು ಓಡುತ್ತದೆ. ಮೆಟ್ಟಿಲು ಹತ್ತುವವನು ಆಸರೆಗೆಂದು ಕೈಯಿಟ್ಟರೆ ಕೈ ನೀರಿನಲ್ಲಿ ಅದ್ದುತ್ತದೆ. ನಾಲ್ಕು ಬೆರಳು ಮುಳುಗುವಷ್ಟು ನೀರು, ಬೇಸಗೆಯ ಸೆಕೆಯಲ್ಲೂ ಮೂಳೆಗೆ ತಾಗುವ ತಂಪು. ಬೆರಳಿಗೆ ಬಂದು ಬಡಿದು ಎರಡಾಗಿ ಸೀಳಿ ಮತ್ತೆ ಕೂಡಿ ಕೆಳಗೆ ಧುಮುಕುತ್ತಿತ್ತು. ನಿಮ್ಮ ಮನೆಯ ಹಿಂದೆ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಅಡಿಕೆ ಮರದ ದಂಬೆಯಲ್ಲಿ ಹರಿದು ಬಚ್ಚಲ ಹಂಡೆಗೆ ಬೀಳುತ್ತಿದ್ದುದು ನೆನಪಾಯಿತು. ಆ ದಂಬೆಗೆ ಕೈ ಅಡ್ಡವಿಟ್ಟು ನಿನ್ನ ಅಜ್ಜನಿಂದ ಬೈಗುಳ ತಿಂದದ್ದು ನಿನಗೂ ನೆನಪಿರಬೇಕು.

ಅಷ್ಟು ಎತ್ತರದ ಗುಡ್ಡಕ್ಕೆ ನೀರು ಎಲ್ಲಿಂದ? ದಾರೊ ಎಂಬ ನದಿಯ ಮೇಲ್ಪಾತ್ರದಿಂದ, ಸುಮಾರು 6 ಕಿಲೋಮೀಟರ್ ದೂರದಿಂದ, ಬೆಟ್ಟದ ಮೈಯನ್ನೇ ಹಿಡಿದು ಕಾಲುವೆಯಲ್ಲಿ ಬರುತ್ತದೆ. ಪಂಪು ಇಲ್ಲ, ಇಳಿಜಾರಷ್ಟೇ. 13ನೆಯ ಶತಮಾನದಲ್ಲಿ ನಸ್ರಿದ್ ಮನೆತನದ ಮೊದಲ ದೊರೆ, ಮೊದಲನೆಯ ಮುಹಮ್ಮದ್, ಕೋಟೆ ಕಟ್ಟಲು ತೊಡಗಿದಾಗಲೇ ಈ ನೀರನ್ನೂ ತಂದ. ಸಿಂಹಗಳು, ಕಮಾನುಗಳು ಬಂದದ್ದು ನೂರು ವರ್ಷ ಕಳೆದ ಮೇಲೆ.

ಎದುರಿನ ಗುಡ್ಡದ ಹಳೆಯ ಕೇರಿ ಅಲ್ಬಯ್ಸೀನ್. ಅಲ್ಲಿಗೆ ನೀರು ಬರುತ್ತಿದ್ದುದು ಇನ್ನೊಂದು ಕಾಲುವೆಯಿಂದ, ಹೆಸರು ಐನದಮಾರ್. ಕಣ್ಣೀರಿನ ಚಿಲುಮೆ ಎಂದರ್ಥ. ಅರಬ್ಬಿಯಲ್ಲಿ 'ಐನ್' ಎಂದರೆ ಕಣ್ಣು, ಒರತೆಗೂ ಅದೇ ಪದ ಎಂದು ಗೆಳೆಯ ಹೇಳಿದ. ಸ್ಪ್ಯಾನಿಷಿನಲ್ಲೂ ಒರತೆಗೆ 'ನೀರಿನ ಕಣ್ಣು' ಎನ್ನುತ್ತಾರೆ. ಬಾವಿ ತೋಡುವಾಗ ನಾವೂ ಹಾಗೆಯೇ ಅನ್ನುತ್ತೇವೆ, ಕಣ್ಣು ಸಿಕ್ಕಿತು ಎಂದು. ನಾನು ಇದನ್ನು ಹೇಳಿದಾಗ ಅವನು ನನ್ನ ಭುಜ ಹಿಡಿದು ಅಲ್ಲಾಡಿಸಿದ.

ಆ ಚಿಲುಮೆಯವರೆಗೂ ಒಂದು ಭಾನುವಾರ ಹೋಗಿ ಬಂದೆ. ಅಲ್ಫಕಾರ್ ಎಂಬ ಹಳ್ಳಿಯಲ್ಲಿದೆ. 1936ರ ಆಗಸ್ಟಿನಲ್ಲಿ, ಅಂತರ್ಯುದ್ಧದ ಆರಂಭದಲ್ಲಿ, ಕವಿ ಫೆದೆರಿಕೊ ಗಾರ್ಸಿಯಾ ಲೋರ್ಕಾನನ್ನು ಕೊಂದದ್ದು ಅಲ್ಲಿಗೆ ಸಮೀಪದ ರಸ್ತೆಯ ಬದಿಯಲ್ಲಿ. ಅವನಿಗೆ 38 ವರ್ಷ. ದೇಹ ಈವರೆಗೂ ಸಿಕ್ಕಿಲ್ಲ. ಪೈನ್ ಮರಗಳ ನಡುವೆ ಯಾರೋ ಹೂವಿಟ್ಟು ಹೋಗಿದ್ದರು. ನಾನೂ ಸ್ವಲ್ಪ ಹೊತ್ತು ನಿಂತು ಬಂದೆ.

ಕೋರ್ದೊಬಾದ ಮಸೀದಿಯನ್ನು ನೋಡಿದ್ದನ್ನು ಬರೆಯಲು ಹೊರಟರೆ ಈ ಪತ್ರ ಮುಗಿಯದು. 785ರಲ್ಲಿ ಕಟ್ಟಲು ತೊಡಗಿದ ಕಟ್ಟಡ, ಕಂಬಗಳ ಕಾಡು, ಕೆಂಪು ಬಿಳುಪಿನ ಕಮಾನುಗಳು, ನಟ್ಟನಡುವೆ 16ನೆಯ ಶತಮಾನದಲ್ಲಿ ಎಬ್ಬಿಸಿದ ಇಗರ್ಜಿ. ಅದನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳುತ್ತೇನೆ. ವಲೆನ್ಸಿಯಾದ ಕಥೆಯನ್ನು ಮಾತ್ರ ಈಗಲೇ ಹೇಳಬೇಕು.

ವಲೆನ್ಸಿಯಾದ ದೊಡ್ಡ ಇಗರ್ಜಿಯ ಒಂದು ಬಾಗಿಲಿನ ಮುಂದೆ ಪ್ರತಿ ಗುರುವಾರ ಮಧ್ಯಾಹ್ನ 12 ಗಂಟೆಗೆ ನೀರಿನ ನ್ಯಾಯಾಲಯ ಸೇರುತ್ತದೆ. ತೂರಿಯಾ ನದಿಯ ಎಂಟು ಕಾಲುವೆಗಳು, ಎಂಟು ಜನ ನ್ಯಾಯಾಧೀಶರು. ಎಂಟೂ ಜನ ರೈತರು, ಆಯಾ ಕಾಲುವೆಯ ನೀರುಣ್ಣುವವರೇ ಆರಿಸಿದವರು. ಗಂಟೆ ಬಾರಿಸುತ್ತಿದ್ದಂತೆ ಕರಿಯ ನಿಲುವಂಗಿ ತೊಟ್ಟು ಬಂದು ವೃತ್ತಾಕಾರವಾಗಿ ಹಾಕಿದ ಕುರ್ಚಿಗಳಲ್ಲಿ ಕುಳಿತರು. ನ್ಯಾಯಾಲಯದ ಅಮೀನ ಒಂದೊಂದೇ ಕಾಲುವೆಯ ಹೆಸರು ಕೂಗಿ, ದೂರಿದೆಯೇ ಎಂದು ಕೇಳಿದ. ನಾನು ಹೋದ ದಿನ ದೂರಿರಲಿಲ್ಲ, ಐದಾರು ನಿಮಿಷದಲ್ಲಿ ಎದ್ದರು. ವಕೀಲರಿಲ್ಲ, ವಾದವೆಲ್ಲ ಬಾಯಿಮಾತಿನಲ್ಲಿ, ತೀರ್ಪಿಗೆ ಮೇಲ್ಮನವಿಯಿಲ್ಲ. ನದಿಯ ಒಂದು ದಡದವನ ಮೇಲೆ ದೂರು ಬಂದರೆ ಎದುರು ದಡದವನು ಅಧ್ಯಕ್ಷತೆ ವಹಿಸುತ್ತಾನೆ. 2009ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ದೂರಿಲ್ಲದ ದಿನವೂ ಬಂದು ಕೂರುತ್ತಾರಲ್ಲ, ಅದು ನನ್ನ ಮನಸ್ಸಿನಲ್ಲಿ ಉಳಿಯಿತು. ನಮ್ಮಲ್ಲಿ ಕಟ್ಟ ಹಾಕುವುದು ನಿಂತದ್ದು ನೀರಿಲ್ಲವೆಂದಲ್ಲ, ಎಲ್ಲರೂ ಸೇರಿ ಕೂರುವುದು ನಿಂತದ್ದರಿಂದ.

ಇನ್ನು ನಾನು ಹೇಳಬೇಕೆಂದಿದ್ದ ವಿಷಯ. ಸಿಯೆರಾ ನೆವಾಡಾದ ದಕ್ಷಿಣದ ಮೈಯಲ್ಲಿ ಆಲ್ಪುಹಾರಾ ಎಂಬ ಸೀಮೆಯಿದೆ. ಬಿಳಿ ಮನೆಗಳ ಹಳ್ಳಿಗಳು, ಮಣ್ಣು ಮೆತ್ತಿದ ಚಪ್ಪಟೆ ಮಾಡು. ಅಲ್ಲಿ ಒಂದು ಪದ್ಧತಿಗೆ 'ಕರೆಯೊ' ಎನ್ನುತ್ತಾರೆ. ಹಿಮ ಕರಗುವ ಕಾಲದಲ್ಲಿ ತೊರೆಯ ನೀರನ್ನು ಎತ್ತರದಲ್ಲೇ ಕಾಲುವೆಗೆ ತಿರುಗಿಸಿ, ನೀರು ಇಂಗುವ ಜಾಗಗಳಿಗೆ ಬಿಡುತ್ತಾರೆ. ಹೊಲಕ್ಕಲ್ಲ, ಬೆಟ್ಟಕ್ಕೆ ಕುಡಿಸುತ್ತಾರೆ. ಅದು ಮಣ್ಣು ಕಲ್ಲುಗಳ ನಡುವೆ ನಿಧಾನವಾಗಿ ಇಳಿದು, ವಾರಗಳೋ ತಿಂಗಳುಗಳೋ ಕಳೆದ ಮೇಲೆ, ಬೇಸಗೆಯಲ್ಲಿ ಕೆಳಗಿನ ಊರಿನ ಒರತೆಯಾಗಿ ಹೊರಬರುತ್ತದೆ. ಮುಸ್ಲಿಂ ಆಳ್ವಿಕೆಯ ಕಾಲದಿಂದ ನಡೆದುಬಂದ ವಿದ್ಯೆ. 16ನೆಯ ಶತಮಾನದಲ್ಲಿ ಇಲ್ಲಿನ ಮುಸ್ಲಿಂ ಮೂಲದ ಜನ ದಂಗೆಯೆದ್ದ ನಂತರ ಅವರನ್ನು ಇಲ್ಲಿಂದ ಓಡಿಸಿದಾಗ, ಹೊಸಬರಿಗೆ ಕಾಲುವೆಯ ಗುಟ್ಟು ಕಲಿಸಲೆಂದು ಊರಿಗೆ ಎರಡು ಸಂಸಾರಗಳನ್ನು ಉಳಿಸಿಕೊಂಡರೆಂದು ಇಲ್ಲಿ ಹೇಳುತ್ತಾರೆ. ಕಳೆದ ಶತಮಾನದಲ್ಲಿ ಹುಡುಗರು ಪಟ್ಟಣಕ್ಕೆ ಹೋದರು, ಕಾಲುವೆಗಳು ಹೂತುಹೋದವು. ಮುಂದಿನದನ್ನು ನಿನಗೆ ನಾನು ಹೇಳಬೇಕಾಗಿಲ್ಲ.

2014ರಲ್ಲಿ ನಮ್ಮ ವಿಶ್ವವಿದ್ಯಾಲಯದ ಸಂಶೋಧಕರು ವಿದ್ಯಾರ್ಥಿಗಳನ್ನೂ ಊರವರನ್ನೂ ಕಟ್ಟಿಕೊಂಡು ಕಾನ್ಯಾರ್ ಎಂಬ ಹಳ್ಳಿಯಲ್ಲಿ ದಶಕಗಳಿಂದ ಬತ್ತಿದ್ದ ಕಾಲುವೆಯೊಂದನ್ನು ಮತ್ತೆ ತೋಡಿದರು. ಅಂದಿನಿಂದ ಇಂಥ ಕೆಲಸ ನಡೆಯುತ್ತಲೇ ಇದೆ. ಈ ವಸಂತದಲ್ಲಿ ಬೇರೊಂದು ಹಳ್ಳಿಗೆ ನಾನೂ ಹೋಗಿದ್ದೆ. ನಮ್ಮ ಗುಂಪಿಗೆ ದಾರಿ ತೋರಿಸಿದವರು ಊರಿನ ಕಾಲುವೆ ಕಾಯುವ ಹಿರಿಯರು, ಎಪ್ಪತ್ತು ದಾಟಿದವರು. ಬಿರುಕಿಗೆ ಕಲ್ಲು ತುರುಕಿ, ಅದರ ಮೇಲೆ ಬೇರುಸಹಿತ ಕಿತ್ತ ಹುಲ್ಲಿನ ಹೆಂಟೆಯನ್ನು ಮಗುಚಿ ತುಳಿಯುವುದನ್ನು ತೋರಿಸಿದರು. ನಾನು ಹೇಳಿಸಿಕೊಳ್ಳದೆ ಮಾಡಿದ್ದನ್ನು ನೋಡಿ, ಎಲ್ಲಿ ಕಲಿತೆ ಎಂದು ಕೇಳಿದರು. ನಮ್ಮ ತೋಡಿನ ಕಟ್ಟದಲ್ಲಿ, ಕಲ್ಲಿನ ನಡುವೆ ಮಣ್ಣು ಸೊಪ್ಪು ತುಂಬಿಸಿ ನಿನ್ನ ಅಜ್ಜ ನಮ್ಮಿಬ್ಬರಿಂದ ತುಳಿಸುತ್ತಿದ್ದರಲ್ಲ, ಅಲ್ಲಿ ಎಂದೆ. ಸುರಂಗದ ವಿಷಯವನ್ನೂ ಹೇಳಿ, ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಒಬ್ಬನೇ ಮನುಷ್ಯ ಬಗ್ಗಿ ಕೊರೆಯುವುದನ್ನು ಮಣ್ಣಿನ ಮೇಲೆ ಗೆರೆ ಎಳೆದು ತೋರಿಸಿದೆ. ಅವರು ಮೊಣಕಾಲೂರಿ ಕುಳಿತು ಬಹಳ ಹೊತ್ತು ಆ ಗೆರೆಯನ್ನೇ ನೋಡಿದರು. "ಈಗಲೂ ನೀರಿದೆಯೇ?" ಎಂದು ಕೇಳಿದರು. ಇದೆ ಎಂದೆ. ನಿಜ ತಾನೇ ಮುರಳಿ?

ಸಂಜೆ ಮೇಲಿನ ಗಂಡಿ ಬಿಟ್ಟರು. ಮೊದಲು ಸದ್ದಿಲ್ಲ. ಆಮೇಲೆ ಒಣಗಿದ ಎಲೆ, ಕಡ್ಡಿ, ನೊರೆಗಳನ್ನು ಮುಂದೆ ದೂಡಿಕೊಂಡು ಕಂದು ಬಣ್ಣದ ಒಂದು ನಾಲಿಗೆ ತೆವಳುತ್ತ ಬಂತು. ನಮ್ಮ ನಡಿಗೆಗಿಂತ ನಿಧಾನ. ಒಂದೊಂದು ತಗ್ಗನ್ನೂ ತುಂಬಿಸಿ, ನಿಂತು, ಮತ್ತೆ ಹೊರಡುತ್ತಿತ್ತು. ನಾವೆಲ್ಲ ಪಕ್ಕದಲ್ಲೇ ಅದರ ಜೊತೆ ನಡೆದೆವು. ಹಿರಿಯರು ಜೇಬಿನಿಂದ ಒಣ ಅಂಜೂರ ತೆಗೆದು ಎಲ್ಲರಿಗೂ ಹಂಚಿದರು.

ಮಾವನಿಗೆ ನಾನು ಬುದ್ಧಿ ಹೇಳುವವನಲ್ಲ. ತೋಟ ಒಣಗುವಾಗ ಬೋರು ಬೇಡವೆನ್ನಲು ದೂರ ಕುಳಿತ ನನಗೆ ಹಕ್ಕಿಲ್ಲ. ಆದರೆ ತೋಡಿನ ಎರಡೂ ಬದಿಯ ಮನೆಯವರನ್ನು ಒಂದು ಸಲ ನಿಮ್ಮ ಜಗಲಿಯಲ್ಲಿ ಕೂರಿಸಲು ಸಾಧ್ಯವೇ, ಅವರನ್ನು ಕೇಳು. ಮೇಲಿನ ಮನೆಯವರಿಗೂ ನಿಮಗೂ ಮಾತಿಲ್ಲದೆ ಮೂರು ವರ್ಷವಾಯಿತೆಂದು ಗೊತ್ತು. ಅವರಿಗೆ ನಾನೇ ಬೇರೆಯಾಗಿ ಬರೆಯುತ್ತಿದ್ದೇನೆ.

ಸೆಪ್ಟೆಂಬರಿನಲ್ಲಿ ಪ್ರಬಂಧ ಒಪ್ಪಿಸಿದರೆ ನನ್ನ ಓದು ಮುಗಿಯುತ್ತದೆ. ನವೆಂಬರಿಗೆ ಊರಿನಲ್ಲಿರುತ್ತೇನೆ, ತೋಡಿನ ನೀರು ಮೊಣಕಾಲಿಗೆ ಇಳಿಯುವ ಹೊತ್ತಿಗೆ. ಹಳೆಯ ಕಟ್ಟದ ಕಲ್ಲುಗಳನ್ನು ಮಳೆ ಎಲ್ಲಿಗೆ ಉರುಳಿಸಿತೆಂದು ಈಗಲೇ ನೋಡಿಟ್ಟಿರು. ಸುರಂಗದ ಬಾಯಿಯಲ್ಲಿ ಬೆಳೆದ ಬಲ್ಲೆಯನ್ನು ಸವರಿ, ನೀರು ಎಷ್ಟಿದೆ ಎಂದು ಬರೆ.

ಅತ್ತೆಗೂ ಮಾವನಿಗೂ ನನ್ನ ನಮಸ್ಕಾರ.

ನಿನ್ನ ಗೆಳೆಯ