ಮಕ್ಕಳು ಕುಂಟಲಿ, ಜಿಗಿಯಲಿ

ಮಾನ್ಯರೇ,

ನನ್ನ ಮೊಮ್ಮಗಳಿಗೆ ನಾಲ್ಕು ವರ್ಷ. ಮೊಬೈಲ್ ಮೇಲೆ ಬೆರಳಾಡಿಸುವುದು ಚೆನ್ನಾಗಿ ಗೊತ್ತು. ಆದರೆ ಒಂಟಿಕಾಲಲ್ಲಿ ನಿಲ್ಲು ಅಂದರೆ ಗಳಿಗೆಯಲ್ಲೇ ವಾಲಿ ನನ್ನ ಸೆರಗು ಹಿಡಿಯುತ್ತಿದ್ದಳು. ಅಂಗಳದಲ್ಲಿ ಸೀಮೆಸುಣ್ಣದಿಂದ ಕುಂಟೆಬಿಲ್ಲೆ ಮನೆ ಬರೆದುಕೊಟ್ಟೆ. ಮೊದಲ ದಿನ ಎರಡೂ ಕಾಲು ಊರಿದಳು. ಮೂರು ವಾರ ಆಯಿತು. ಈಗ ಹೆಂಚಿನ ಚೂರು ಎಸೆದು, ನಾಲಿಗೆ ಕಚ್ಚಿಕೊಂಡು, ಮೂರು ಮನೆ ಕುಂಟುತ್ತಾಳೆ. ಆ ಮುಖ ನೋಡಬೇಕಿತ್ತು ನೀವು!

ಅವಳು ಹೋಗುವ ಶಿಶುವಿಹಾರದಲ್ಲಿ ಮಾತ್ರ ಮಧ್ಯಾಹ್ನದವರೆಗೂ ಕೂರಿಸಿ ಅಕ್ಷರ ತಿದ್ದಿಸುತ್ತಾರೆ. ಬೆನ್ನು, ಹೆಗಲು ಗಟ್ಟಿಯಾದರೆ ತಾನೇ ಮಗು ನೆಟ್ಟಗೆ ಕೂತು ಪೆನ್ಸಿಲ್ ಹಿಡಿಯುವುದು? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: ಮೂರು, ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 180 ನಿಮಿಷವಾದರೂ ಮೈಯಾಡುವ ಚಟುವಟಿಕೆ ಬೇಕು. ಅದರಲ್ಲಿ 60 ನಿಮಿಷ ಓಟ, ಜಿಗಿತದಂಥ ಬಿರುಸಿನ ಆಟ ಇರಬೇಕು. ಟಿವಿ, ಮೊಬೈಲ್ ಮುಂದೆ ಕೂರುವುದು ಒಂದು ಗಂಟೆ ದಾಟಬಾರದು, ಅದೂ ಕಡಿಮೆಯಾದಷ್ಟೂ ಒಳ್ಳೆಯದು.

ಇದಕ್ಕೆ ದುಬಾರಿ ಸಾಮಾನು ಬೇಡ. ಚೆಂಡು ಎಸೆದು ಹಿಡಿಯಲಿ, ದಿಂಬು ಹತ್ತಿ ಇಳಿಯಲಿ, ಕಪ್ಪೆ ಹಾಗೆ ಕುಪ್ಪಳಿಸಲಿ. ಬಿದ್ದರೆ ತಕ್ಷಣ ಓಡಿಹೋಗಿ ಎತ್ತಬೇಡಿ, ತಾವೇ ಏಳುತ್ತಾರೆ. ಮನೆಯಲ್ಲಿ ಜಾಗ ಇಲ್ಲದವರಿಗೆ ಪಾರ್ಕೇ ಗತಿ ಅಲ್ವಾ? ನಮ್ಮ ಬಡಾವಣೆಯ ಪಾರ್ಕಿಗೆ ಬೆಳಿಗ್ಗೆ ಹತ್ತಕ್ಕೇ ಬೀಗ ಬೀಳುತ್ತದೆ. ಸಂಬಂಧಪಟ್ಟವರು ದಯವಿಟ್ಟು ಸಂಜೆ ಶಾಲೆ ಬಿಡುವ ಹೊತ್ತಿಗಾದರೂ ಗೇಟು ತೆಗೆಸಿ, ಒಂದು ಮೂಲೆಗೆ ಮರಳು ಹಾಕಿಸಿಕೊಡಲಿ.

– ಒಬ್ಬ ಅಜ್ಜಿ, ಮೈಸೂರು