ಅಮ್ಮನಿಗೊಂದು ಸಿಪಿಕೆ ರಕ್ತ ಪರೀಕ್ಷೆ ಮಾಡಿಸು

ಪ್ರೀತಿಯ ಗೆಳೆಯಾ,

ನೆಲಕ್ಕೆ ಕೂತರೆ ಅಮ್ಮನಿಗೆ ಏಳೋಕಾಗಲ್ಲ, ವಯಸ್ಸಾಯ್ತಲ್ಲ ಅಂತ ನೀನು ಬರೆದಿದ್ದೆ. ಓದಿ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಅಕ್ಕನ ವಿಷಯದಲ್ಲೂ ನಾವು ಹೀಗೇ ಏನೋ ಒಂದು ಹೇಳಿಕೊಂಡು ಸುಮ್ಮನಿದ್ದೆವು.

ಶಿಡ್ಲಘಟ್ಟದ ಹತ್ತಿರ ಅವಳ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ, ಗೊತ್ತಲ್ಲ. ಹುಳು ಗೂಡು ಕಟ್ಟುವ ಚಂದ್ರಿಕೆ ಎತ್ತಿ ನಿಲ್ಲಿಸಲು ಹೋದರೆ ಕೈ ಮೇಲಕ್ಕೇ ಬರುತ್ತಿರಲಿಲ್ಲ. ಈಳಿಗೆಮಣೆ ಮುಂದೆ ಕೂತವಳು ತೊಡೆ ಮೇಲೆ ಕೈ ಊರಿ, ಗೋಡೆ ಹಿಡಿದು ಏಳುತ್ತಿದ್ದಳು. ಜಡೆ ಹೆಣೆಯೋಕೆ ಮಗಳೇ ಬೇಕು. ನೋವು ಅಷ್ಟಿರಲಿಲ್ಲ, ಬಲವೇ ಇರಲಿಲ್ಲ. ಆದರೆ ಕೂತಲ್ಲೇ ಹೂ ಕಟ್ಟುತ್ತಿದ್ದಳು, ಬೆರಳು ಚೆನ್ನಾಗಿದ್ದವು. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಸೊಂಟ, ತೊಡೆ, ಭುಜ ಮೊದಲು ಸೋಲುವುದೇ ಅವಳಿಗಿದ್ದ ಸ್ನಾಯು ಕಾಯಿಲೆಯ ಗುರುತಂತೆ.

ಬೆರಳ ಗೆಣ್ಣುಗಳ ಮೇಲೆ ಕೆಂಪು ದದ್ದು ಎದ್ದಿತ್ತು. ಹುಳು ಮನೆ ತೊಳೆಯುವ ಬ್ಲೀಚಿಂಗ್ ಪೌಡರ್ ತಾಕಿರಬೇಕು ಅಂದೆವು. ಕಣ್ಣಿನ ರೆಪ್ಪೆ ನೇರಳೆ ಬಣ್ಣಕ್ಕೆ ತಿರುಗಿತ್ತು. ನಿದ್ದೆಗೆಟ್ಟಿದ್ದಾಳೆ ಅಂದೆವು. ರಕ್ತದಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಅನ್ನೋ ಎರಡು ಕಿಣ್ವ ಜಾಸ್ತಿ ಬಂತು, ಲಿವರ್ ತೊಂದರೆ ಅಂದರು. ನಾಲ್ಕು ತಿಂಗಳು ಎಣ್ಣೆ ಬಿಟ್ಟು ಪಥ್ಯ ಮಾಡಿದಳು. ಸ್ನಾಯು ಹಾಳಾದರೂ ಅವೆರಡೂ ಏರುತ್ತವೆ ಅಂತ ನಮಗೆ ಯಾರೂ ಹೇಳಲಿಲ್ಲ. ಆ ನಾಲ್ಕು ತಿಂಗಳು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ಒಬ್ಬ ಡಾಕ್ಟರು ಅವಳನ್ನು ಕುರ್ಚಿಯಲ್ಲಿ ಕೂರಿಸಿ, 'ಕೈ ಕಟ್ಟಿಕೊಂಡು ಏಳಮ್ಮ' ಅಂದರು. ಆಗಲಿಲ್ಲ. ಸಿಪಿಕೆ ಬರೆದುಕೊಟ್ಟರು, ಸ್ನಾಯು ಹಾಳಾದರೆ ರಕ್ತದಲ್ಲಿ ಏರುವ ಕಿಣ್ವದ ಪರೀಕ್ಷೆ ಅದು. ಸುಮಾರು 200ರ ಒಳಗೆ ಇರಬೇಕಾದ್ದು 6,000 ದಾಟಿತ್ತು! ಬೆಂಗಳೂರಿನಲ್ಲಿ ಸ್ನಾಯುವಿನ ವಿದ್ಯುತ್ ನೋಡುವ ಇಎಂಜಿ, ಎಂಆರ್‌ಐ, ಆಂಟಿಬಾಡಿ ಪರೀಕ್ಷೆ, ತೊಡೆಯಿಂದ ಚೂರು ಸ್ನಾಯು ತೆಗೆದು ಬಯಾಪ್ಸಿ ಆಯಿತು. ಡರ್ಮಟೊಮಯೋಸೈಟಿಸ್. ಮೈ ಕಾಯಬೇಕಾದ ಶಕ್ತಿಯೇ ಸ್ನಾಯು, ಚರ್ಮದ ಮೇಲೆ ತಿರುಗಿ ಬೀಳುವ ಕಾಯಿಲೆ. ಶ್ವಾಸಕೋಶಕ್ಕೂ ತಗುಲಬಹುದು, ದೊಡ್ಡವರಲ್ಲಿ ಜೊತೆಗೆ ಕ್ಯಾನ್ಸರ್ ಇರಬಹುದು ಅಂತ ಸ್ಕ್ಯಾನ್ ಕೂಡ ಮಾಡಿಸಿದರು. ದೇವರು ದೊಡ್ಡವನು, ಅವಳಿಗೆ ಅವೆರಡೂ ಇರಲಿಲ್ಲ.

ಅಮ್ಮನಿಗೂ ಇದೇ ಅಂತ ನಾನು ಹೇಳುತ್ತಿಲ್ಲ. ಥೈರಾಯ್ಡ್, ವಿಟಮಿನ್ ಡಿ ಕೊರತೆ, ಕೆಲವರಿಗೆ ಕೊಲೆಸ್ಟ್ರಾಲ್ ಮಾತ್ರೆಯಿಂದಲೂ ಹೀಗಾಗುತ್ತದೆ. ತಗೊಳ್ಳುವ ಮಾತ್ರೆಗಳನ್ನೆಲ್ಲ ಡಾಕ್ಟರಿಗೆ ತೋರಿಸು, ಸುಮ್ನೆ ನೀನೇ ಯಾವುದನ್ನೂ ನಿಲ್ಲಿಸಬೇಡ. ಸಿಪಿಕೆ ಸರಿಯಾಗಿ ಬಂದರೂ ಏಳೋಕಾಗದಿದ್ದರೆ ಅಲ್ಲಿಗೇ ಬಿಡಬೇಡ. ಅನ್ನ ನುಂಗಲು ಕಷ್ಟವಾದರೆ, ಉಸಿರು ಕಟ್ಟಿದರೆ ಅವತ್ತೇ ಹೊರಡು.

ಅಕ್ಕ ಆ ತಿರುಗಿಬಿದ್ದ ಶಕ್ತಿಯನ್ನು ತಗ್ಗಿಸುವ ಸ್ಟಿರಾಯ್ಡ್, ಮೆಥೊಟ್ರೆಕ್ಸೇಟ್ ಔಷಧಿ ಶುರು ಮಾಡಿ ಒಂದು ವರ್ಷವಾಯಿತು. ಮೊನ್ನೆ ತಾನೇ ಜಡೆ ಹೆಣೆದುಕೊಂಡಳು. ಅಮ್ಮನ ಜೊತೆ ಆಸ್ಪತ್ರೆಗೆ ತಾನೂ ಬರುತ್ತಾಳಂತೆ. ಯಾವತ್ತು ಅಂತ ಫೋನ್ ಮಾಡು.

ನಿನ್ನ ಗೆಳೆಯ